ಮುಚ್ಚಳದ ಕೆಳಗಿನ ಎಲೆ

ನಮ್ಮ ಯಜಮಾನರಿಗೆ ನನ್ನ ತಮ್ಮನನ್ನು ಕಂಡರೆ ಹೊಟ್ಟೆಯುರಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ಎದುರುಗಡೆ ಟೈಲರ್‌ನಿಂದ ಹಿಡಿದು ಹಾಲು ಹಾಕುವವನವರೆಗೆ ಬೀದಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿಲ್ಲದವನು ಒಬ್ಬನೇ, ನನ್ನ ತಮ್ಮ. ಅಥವಾ ಗೊತ್ತಿದ್ದೂ ಗೊತ್ತಿಲ್ಲದವನಂತೆ ಇದ್ದಾನೆ. ಅವನು ಏನು ಮಾಡಿದರೂ ಹೀಗೇ, ಬೆಸುಗೆ ಎಲ್ಲಿದೆ ಅಂತ ಕಾಣುವುದಿಲ್ಲ.

ನಮ್ಮವರ ಕೆಲಸ ಬಂದೂಕಿಗೆ ಮರ ಮಾಡುವುದು. ಹಲಗೆಗೆ ಗುರಿಯಿಟ್ಟು ಹೊಡೆಯುವ ಸಂಘದವರು ನಮ್ಮ ಗಿರಾಕಿಗಳು. ನಳಿಗೆ, ಕುದುರೆ, ಕಬ್ಬಿಣದ ಭಾಗಗಳೆಲ್ಲ ಅಳತೆಗೆಂದು ಬಂದು ಹೋಗುತ್ತವೆ. ನಮ್ಮಲ್ಲಿ ಉಳಿಯುವುದು ಮರವೊಂದೇ. ಭುಜಕ್ಕೆ ಒತ್ತುವ ಅಗಲ ಭಾಗ, ಕೆನ್ನೆ ಆನಿಸುವ ಏರು, ಬೆರಳು ಸುತ್ತುವ ಹಿಡಿ, ನಳಿಗೆಯ ಅಡಿಯಲ್ಲಿ ಚಾಚಿಕೊಳ್ಳುವ ಉದ್ದ ಮೂತಿ, ಎಲ್ಲವೂ ಒಂದೇ ಅಕ್ರೋಟ್ ಹಲಗೆಯಿಂದ ಹೊರಬರಬೇಕು. ಗಿರಾಕಿಯ ತೋಳು, ಕತ್ತು, ಕೆನ್ನೆಯ ಮೂಳೆ ಅಳೆದು, ತಿಂಗಳುಗಟ್ಟಲೆ ಉಳಿ, ಅರ, ಉಪ್ಪುಕಾಗದ, ಎಣ್ಣೆ ಅಂತ ಅದರ ಜೊತೆಗೇ ಸಂಸಾರ. ನನಗೆ ಬೆನ್ನುನೋವು ಎಂದರೆ ಮಾತ್ರೆ ತಗೋ ಎನ್ನುವ ಮನುಷ್ಯ, ಮರಕ್ಕಾದರೆ ಎಣ್ಣೆಯನ್ನು ಅಂಗೈಯಲ್ಲೇ ಬಿಸಿಮಾಡಿ ತಿಕ್ಕುತ್ತಾರೆ. ನನಗೂ ಹೊಟ್ಟೆಯುರಿ ಇದೆ, ಆದರೆ ಅದು ಮರದ ಮೇಲೆ. ಹೇಳಿಕೊಂಡರೆ ಜನ ನಗುತ್ತಾರೆ.

ನನ್ನ ತವರಿನವರು ಬಾಚಣಿಗೆ ಮಾಡುವವರು. ಎಮ್ಮೆ ಕೊಂಬನ್ನು ಕೊಯ್ದು, ಬೇಯಿಸಿ, ಒತ್ತಿ ಚಪ್ಪಟೆ ಮಾಡಿ, ಹಲ್ಲು ಬಿಡಿಸುವ ಕೆಲಸ. ಪ್ಲಾಸ್ಟಿಕ್ ಬಂದ ಮೇಲೆ ಬಾಚಣಿಗೆ ಕೇಳುವವರು ಇಲ್ಲವಾದರು, ಕೊಂಬಿನ ಕೈಚಳಕ ಮಾತ್ರ ನನ್ನ ತಮ್ಮನಲ್ಲಿ ಉಳಿಯಿತು. ನಮ್ಮವರು ಮರ ಮುಗಿಸಿದ ಮೇಲೆ ಅವನು ಬಂದು ಎರಡು ಕಡೆ ಕೊಂಬು ಕೂರಿಸುತ್ತಾನೆ. ಮೂತಿಯ ತುದಿಗೆ ಹೆಬ್ಬೆರಳುದ್ದದ ಕರಿ ಟೋಪಿ, ಹಿಡಿಯ ಅಡಿಗೆ ಮೊಟ್ಟೆಯಾಕಾರದ ಕರಿ ಮುಚ್ಚಳ. ಅಷ್ಟೇ ಅವನ ಪಾಲು, ಒಂದೆರಡು ಮಧ್ಯಾಹ್ನದ ಕೆಲಸ. ಹೊರಗೆ ಅವನನ್ನು ಏನೆಂದು ಕರೆಯುತ್ತಾರೋ, ನಮ್ಮ ಮನೆಯಲ್ಲಿ ಅವನ ಹೆಸರು ಬಾಚಣಿಗೆ. ಇಟ್ಟವರು ಯಾರೆಂದು ಬೇರೆ ಹೇಳಬೇಕಿಲ್ಲ.

ತೊಂದರೆ ಏನೆಂದರೆ, ನೋಡುವವರ ಕಣ್ಣು ಮೊದಲು ಹೋಗುವುದು ಕೊಂಬಿಗೆ. ತಿಂಗಳುಗಟ್ಟಲೆ ಸವೆಸಿದ ಮರ ಅಲ್ಲೇ ಮಲಗಿರುತ್ತದೆ, ಅದರ ಮೇಲೆ ಮೋಡದಂಥ ಗೆರೆಗಳು ಓಡಾಡುತ್ತಿರುತ್ತವೆ, ಆದರೂ ಬಂದವರು ಬೆರಳಿಡುವುದು ಆ ಕರಿ ತುದಿಯ ಮೇಲೆ. ಅಬ್ಬಾ, ಗಾಜಿನ ಹಾಗಿದೆ ಎನ್ನುತ್ತಾರೆ. ನಮ್ಮವರು ಹಲ್ಲು ಕಚ್ಚಿಕೊಂಡು ಬಟ್ಟೆ ಮಡಿಸುತ್ತಾರೆ. ಹೊರಗಿನವರು ಹೋಗಲಿ, ಸ್ವಂತ ತಾಯಿಯೇ ಹಾಗೆ. ನಮ್ಮತ್ತೆ ನನ್ನ ತಮ್ಮ ಕೊಟ್ಟ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಾ, ಆ ಹುಡುಗನ ಕೈಯಲ್ಲಿ ಏನೋ ಇದೆ ಕಣೇ ಎಂದು ಮಗನ ಎದುರಿಗೇ ಹೇಳುತ್ತಾರೆ. ಆ ಹುಡುಗನಿಗೆ ಕಿವಿಯ ಮೇಲೆ ನರೆ ಬಂದಿದೆ. ಅತ್ತೆ ಹಾಗೆಂದ ದಿನ ನಮ್ಮವರ ಸುತ್ತಿಗೆಯ ಏಟು ಮಹಡಿಯವರೆಗೆ ಕೇಳಿಸುತ್ತದೆ.

ಇದೆಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಸುಡುತ್ತಿದ್ದುದು ಆ ಮುಚ್ಚಳ. ಮರ ಮಾಡಿದವನು ತನ್ನ ಗುರುತನ್ನು ಹಿಡಿಯ ಅಡಿಯಲ್ಲಿ ಕೆತ್ತಬೇಕು, ಬೇರೆಲ್ಲಿ ಕೆತ್ತಿದರೂ ಮೈ ಕೆಡುತ್ತದೆ ಎಂದು ಇವರಿಗೆ ಕೆಲಸ ಕಲಿಸಿದ ಉಸ್ತಾದರು ಹೇಳಿದ್ದರಂತೆ. ಇವರ ಗುರುತು ಒಂದು ಪುಟ್ಟ ಎಲೆ. ಬಾಗಿದ ಬಾಯಿಯ ಬಾಗುಳಿಯಿಂದ ಎರಡು ಏಟು, ನಡುವೆ ನರಕ್ಕೆ ಒಂದು ನೇರ ಏಟು. ಕೆತ್ತಿ ಊದಿದರೆ ಮುಗಿಯಿತು. ಅದರ ಮೇಲೆ ನನ್ನ ತಮ್ಮನ ಕರಿ ಮುಚ್ಚಳ ಬಂದು ಕೂರುತ್ತದೆ. ನನ್ನ ಹೆಸರಿನ ಮೇಲೆ ಅವನು ಕುಂಡೆ ಊರಿ ಕೂತಿದ್ದಾನೆ ಎಂದು ಇವರು ಒಂದು ಸಲ ಊಟದ ನಡುವೆ ಹೇಳಿದ್ದರು. ಮುಚ್ಚಳಕ್ಕೆ ಅವನು ಅಂಟು ಹಾಕುವುದಿಲ್ಲ, ನಡುವೆ ಒಂದು ಸಣ್ಣ ಸ್ಕ್ರೂ ಕೊಡುತ್ತಾನೆ. ಅದಕ್ಕೂ ಇವರ ಹತ್ತಿರ ಕುಹಕವಿತ್ತು: ತನ್ನ ಕೈಯ ಮೇಲೆ ನಂಬಿಕೆ ಇಲ್ಲದವನು ಸ್ಕ್ರೂ ಹಾಕುತ್ತಾನೆ. ಮುಗಿದ ಮರವನ್ನು ಸ್ಕೂಟರ್ ಮೇಲೆ ಸಂಘಕ್ಕೆ ತಲುಪಿಸುವವನೂ ನನ್ನ ತಮ್ಮನೇ. ಇವರು ಅಂಗಡಿ ಬಿಟ್ಟು ಅಲ್ಲಾಡುವವರಲ್ಲ, ಆದರೂ ತಲುಪಿಸಿ ಬಂದವನನ್ನು ನೋಡಿ, ನನ್ನ ಮರ ಕೊಟ್ಟು ಹೊಗಳಿಕೆ ಕಟ್ಟಿಸಿಕೊಂಡು ಬಂದ ಎಂದು ಮೂಗು ಮುರಿಯುತ್ತಿದ್ದರು.

ನಾನು ಇದನ್ನೆಲ್ಲ ನಗುತ್ತಾ ಹೇಳುತ್ತಿದ್ದೇನೆ ಅಂತ ಕಂಡರೂ, ಹೊಟ್ಟೆಯುರಿಯ ರುಚಿ ನನಗೆ ಗೊತ್ತಿಲ್ಲದ್ದಲ್ಲ. ಅಪ್ಪ ಕೊಂಬಿನ ಕೆಲಸ ಕಲಿಸಿದ್ದು ತಮ್ಮನಿಗೆ ಮಾತ್ರ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಯಾವ ಕೊಂಬು ಸೀಳುತ್ತದೆ, ಯಾವುದು ತಡೆಯುತ್ತದೆ ಅಂತ ನನಗೆ ತಮ್ಮನಿಗಿಂತ ಮೊದಲು ಗೊತ್ತಾಗುತ್ತಿತ್ತು. ಒಣಗಿದೆಯೋ ಇಲ್ಲವೋ ನೋಡಲು ಅಪ್ಪ ತುಂಡನ್ನು ಕೆನ್ನೆಗೆ ಒತ್ತಿ ಹಿಡಿಯುತ್ತಿದ್ದರು, ಹಸಿಯಿದ್ದರೆ ತಣ್ಣಗಿರುತ್ತದೆ. ಅವರು ಆಚೆ ಹೋದಾಗ ನಾನೂ ಒತ್ತಿ ನೋಡುತ್ತಿದ್ದೆ. ನನ್ನ ಕೈಗೆ ಅರ ಮಾತ್ರ ಯಾರೂ ಕೊಡಲಿಲ್ಲ.

ಹೀಗಿರುವಾಗ ಸಂಘದವರೇ ಒಬ್ಬರು, ಹಲ್ಲಿನ ಡಾಕ್ಟರು, ಬಂದರು. ಅವರ ತಂದೆಯ ಹಳೇ ರೈಫಲ್‌ನ ಮರ ಸೀಳಿ ಹೋಗಿತ್ತು, ಹೊಸದು ಬೇಕಿತ್ತು. ನಮ್ಮವರು ಅವರ ತೋಳು ಅಳೆಯುತ್ತಿರುವಾಗ ಡಾಕ್ಟರು, ಮತ್ತೇನಾದರೂ ಮರೆಯಿರಿ, ಕೆಳಗಿನ ಆ ಕೊಂಬಿನ ಮುಚ್ಚಳ ಮಾತ್ರ ಮರೆಯಬೇಡಿ ಎಂದರು. ಅಷ್ಟು ಸಾಕಾಯಿತು. ಡಾಕ್ಟರು ಮೆಟ್ಟಿಲು ಇಳಿಯುವ ಮೊದಲೇ ಇವರ ಮುಖ ದಪ್ಪಗಾಗಿತ್ತು. ಮರ ಇನ್ನೂ ಹಲಗೆಯಲ್ಲಿದೆ, ಆಗಲೇ ಮುಚ್ಚಳದ ಜಪ ಎಂದರು. ಸಂಜೆಗೆ ತೀರ್ಮಾನ ಹೊರಬಿತ್ತು.

"ಈ ಬಂದೂಕಿಗೆ ನಿನ್ನ ತಮ್ಮ ಬೇಡ. ತುದಿಯಿಂದ ಬುಡದವರೆಗೆ ನಂದೇ ಇರ್ಲಿ. ಒಂದಾದ್ರೂ."

ಒಂದಾದರೂ ಎಂದ ಆ ಮಾತಿನಲ್ಲಿ ಕುಹಕ ಇರಲಿಲ್ಲ.

ಮರ ಮಾಡಿದ್ದನ್ನು ನಾನು ಹೇಳಿದರೆ ಗಂಡನ ಪಕ್ಷ ವಹಿಸಿದ ಹಾಗಾಗುತ್ತದೆ, ಆದರೂ ಹೇಳುತ್ತೇನೆ: ಅಂಥ ಮರವನ್ನು ಅವರೂ ಹಿಂದೆ ಮಾಡಿರಲಿಲ್ಲ. ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ಒಣಗಿದ ಹಲಗೆಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಎಳೆದರು. ಆ ಹಲಗೆಗಳ ಮೇಲೆಲ್ಲ ಬಂದ ತಾರೀಕು ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಅವುಗಳ ಹತ್ತಿರ ಒದ್ದೆ ಛತ್ರಿ ಇಟ್ಟಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟವರು ಇವರು. ಒಮ್ಮೆ ಒಂದು ಗಾಡಿ ಮರವನ್ನು, ಇನ್ನೂ ನೀರು ಕುಡಿದಿದೆ ಎಂದು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಮರ ಮುಗಿದ ಮೇಲೆ ಕೊಂಬಿನಂಗಡಿಯಿಂದ ಹೊಸ ಕೊಂಬು ತಂದರು, ಚೀಲದೊಳಗೆ ಬಚ್ಚಿಟ್ಟುಕೊಂಡು, ಕದ್ದು ಸಿಗರೇಟು ಸೇದುವವರಂತೆ. ಮೂತಿಯ ಟೋಪಿ ಮೊದಲು. ಕೊಂಬಿನ ತುದಿ ಗಟ್ಟಿ, ಬೇಯಿಸುವ ಅಗತ್ಯವಿಲ್ಲ. ಕೊಯ್ದು, ಉಜ್ಜಿ, ಅಂಟಿಸಿದರಾಯಿತು. ನಿಜ ಹೇಳಬೇಕೆಂದರೆ ಚೆನ್ನಾಗಿ ಬಂತು. ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟೇನಾ ಇದು, ಇದಕ್ಕೇನಾ ಇಷ್ಟು ವರ್ಷ ತಲೆಮೇಲೆ ಹೊತ್ತು ಮೆರೆಸಿದ್ದು ಎಂದು ಅತ್ತೆಗೆ ತೋರಿಸಿ ಬಂದರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ಆ ಹುಡುಗ ಮಾಡಿದ್ದಾ ಎಂದು ಕೇಳಿದರು.

ಮುಚ್ಚಳಕ್ಕೆ ಮಾತ್ರ ಅಗಲ ಬೇಕು. ಅದು ಬರುವುದು ಕೊಂಬಿನ ಟೊಳ್ಳು ಭಾಗದಿಂದ, ಅದನ್ನು ಬೇಯಿಸಿ ಒತ್ತಿ ಚಪ್ಪಟೆ ಮಾಡಬೇಕು. ನಾನು ಬಟ್ಟೆ ಒಣಹಾಕಿ ಕೆಳಗೆ ಬರುವಾಗ ಅಡುಗೆಮನೆಯಿಂದ ಸುಟ್ಟ ಕೂದಲಿನ ವಾಸನೆ. ನಾನು ಹುಟ್ಟಿ ಬೆಳೆದ ವಾಸನೆ, ಗುರುತು ಸಿಗದೆ ಇರುತ್ತದೆಯೇ. ನನ್ನ ದೊಡ್ಡ ಪಾತ್ರೆಯಲ್ಲಿ ಕೊಂಬು ಕುದಿಯುತ್ತಿತ್ತು, ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಲ್ಲಿ ಕೂತಿದ್ದರು. ಮೆತ್ತಗಾದ ತುಂಡನ್ನು ಇವರು ಎರಡು ಕಬ್ಬಿಣದ ತಟ್ಟೆಗಳ ನಡುವೆ ಹಾಕಿ ತಿರುಪಿನ ಹಿಡಿಕಟ್ಟಿನಲ್ಲಿ ಬಿಗಿದರು. ಬಿಚ್ಚಿದಾಗ ಹಪ್ಪಳದಂತೆ ಚಪ್ಪಟೆ. ಆಗಲೇ ಗರಗಸ ಕೈಗೆ ತೆಗೆದುಕೊಂಡರು.

ನಾನು ತುಂಡನ್ನು ಎತ್ತಿ ಕೆನ್ನೆಗೆ ಒತ್ತಿದೆ. ತಣ್ಣಗಿತ್ತು.

"ಇದು ನೀರು ಕುಡಿದಿದೆ. ಚೆನ್ನಾಗಿ ಒಣಗೋವರೆಗೂ ಮುಟ್ಟಬೇಡಿ. ಈಗ್ಲೇ ಕೂರಿಸಿದ್ರೆ ಆಮೇಲೆ ಕುಗ್ಗುತ್ತೆ."

"ಬಂತು ನೋಡು, ತಮ್ಮನ ಮಾತು ಅಕ್ಕನ ಬಾಯಲ್ಲಿ."

"ಅದು ಅವನ ಮಾತಲ್ಲ. ನಂದು."

ಇವರು ಕೇಳಿಸಿಕೊಳ್ಳಲಿಲ್ಲ. ಒದ್ದೆ ಛತ್ರಿಗೆ ಮಾತು ಬಿಟ್ಟ ಮನುಷ್ಯ, ನೀರು ಕುಡಿದ ಮರವನ್ನು ಬೀದಿಯಿಂದಲೇ ಅಟ್ಟಿದ ಮನುಷ್ಯ, ಹಸಿ ಕೊಂಬನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿ ನಕ್ಕರು. ಮರ ನೀರು ಕುಡಿಯುತ್ತದೆ ಎಂದು ಇವರಿಗೆ ಗೊತ್ತು. ಕೊಂಬು ಕಲ್ಲಿನ ಹಾಗೆ ಕಾಣುತ್ತದಲ್ಲ, ಅದೂ ಕುಡಿಯುತ್ತದೆ ಎಂದು ಹೇಳಿದವಳು ಬಾಚಣಿಗೆಯ ಅಕ್ಕ. ಅಲ್ಲಿಗೆ ಮುಗಿಯಿತು. ನನಗೂ ಸಿಟ್ಟು ಬಂತು. ಮಾಡಿಕೊಳ್ಳಲಿ ಎಂದು ಮೇಲೆ ಹೋದೆ.

ಮೇಲೆ ಹೋದವಳು ಮೆಟ್ಟಿಲ ತುದಿಯಿಂದ ಬಗ್ಗಿ ನೋಡುತ್ತಲೇ ಇದ್ದೆ. ಮುಚ್ಚಳದ ಹಿಂಬದಿಯನ್ನು ದೀಪದ ಮೇಲೆ ಹಿಡಿದು ಮಸಿ ಹಿಡಿಸುವುದು, ಅದನ್ನು ಹಿಡಿಯ ಅಡಿಗೆ ಒತ್ತಿ ತೆಗೆಯುವುದು, ಮರದ ಮೇಲೆ ಎಲ್ಲಿ ಕಪ್ಪು ಕೂತಿದೆಯೋ ಅಲ್ಲಿ ಮಾತ್ರ ಉಳಿಯಿಂದ ಕೆರೆಯುವುದು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆ. ಕೊನೆಗೆ ಮರಕ್ಕೂ ಕೊಂಬಿಗೂ ನಡುವೆ ಕೂದಲು ತೂರದಷ್ಟು ಬಿಗಿ. ಎಲೆ ಕೆತ್ತಿದರು. ಸ್ಕ್ರೂ ಹಾಕಲಿಲ್ಲ. ಅಂಟು ಚೆನ್ನಾಗಿ ಕಚ್ಚಲಿ ಎಂದು ಕೊಂಬಿನ ಹಿಂಬದಿಗೆ ಗರಗಸದಲ್ಲಿ ಗೀರು ಹಾಕಿ, ಎರಡು ಟ್ಯೂಬಿನ ಅಂಟು ಕಲಸಿ, ತಮ್ಮ ಎಲೆಯ ಮೇಲೆ ತಾವೇ ಸುರಿದು, ಮುಚ್ಚಳ ಒತ್ತಿ ಬಿಗಿದರು. ಆ ಸಂಜೆ ಡಾಕ್ಟರಿಗೆ ಫೋನ್ ಮಾಡಿ, ಈ ಸಲ ತಲುಪಿಸಲು ಯಾರೂ ಬರುವುದಿಲ್ಲ, ನೀವೇ ಬಂದು ನೋಡಿ ತೆಗೆದುಕೊಂಡು ಹೋಗಿ ಎಂದು ಎದೆಯುಬ್ಬಿಸಿ ಹೇಳಿದರು.

ಡಾಕ್ಟರು ಬರುವುದು ವಾರ ಬಿಟ್ಟು. ಅಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತ್ತು. ಒಂದು ಬೆಳಿಗ್ಗೆ ನಾನು ಟೀ ತೆಗೆದುಕೊಂಡು ಹೋದಾಗ ಇವರು ಮರವನ್ನು ತಲೆಕೆಳಗಾಗಿ ತೊಡೆಯ ಮೇಲೆ ಇಟ್ಟುಕೊಂಡು, ಮುಚ್ಚಳದ ಅಂಚಿನ ಸುತ್ತ ಉಗುರು ಓಡಿಸುತ್ತಿದ್ದರು. ಉಗುರು ತಡೆಯುತ್ತಿತ್ತು. ಸುತ್ತಲೂ ಮರ ಒಂದಿಷ್ಟು ಹೊರಗೆ ನಿಂತಿತ್ತು, ಕೊಂಬು ಒಳಗೆ ಸರಿದಿತ್ತು. ಒಂದು ಕಡೆ ಅಂಚು ಎದ್ದು ಬಿರುಕೂ ಬಿಟ್ಟಿತ್ತು. ಇನ್ನೊಬ್ಬರ ಬಾಯಿಯಲ್ಲಿ ಸೂಜಿಮೊನೆಯಷ್ಟು ಸಂದು ಹುಡುಕುವ ಕಸುಬಿನವರು ಇದನ್ನು ನೋಡಲು ಬರುವವರಿದ್ದರು.

ನಾನು ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಇವರ ಮುಖ ಅಷ್ಟು ಸಣ್ಣದಾಗಿತ್ತು. ಟೀ ಆರಿದ ಮೇಲೆ, ನನ್ನ ಕಡೆ ನೋಡದೆ, ನಿನ್ನ ತಮ್ಮನನ್ನು ಕರಿ ಎಂದರು.

ನನ್ನ ತಮ್ಮ ಬಂದ. ಮೂತಿಯ ಟೋಪಿಯ ಮೇಲೆ ಬೆರಳಾಡಿಸಿ, ಇದು ಚೆನ್ನಾಗಿ ಬಂದಿದೆ ಭಾವ ಎಂದ. ಅವನು ಮನಸಾರೆಯೇ ಹೇಳಿದ, ಇವರು ಅದನ್ನು ಕಪಾಳಕ್ಕೆ ಹೊಡೆದ ಹಾಗೆ ತೆಗೆದುಕೊಂಡರು. ಆಮೇಲೆ ಅವನು ಮರವನ್ನು ತಿರುಗಿಸಿ ಮುಚ್ಚಳ ನೋಡಿದ. ಸ್ಕ್ರೂ ಇಲ್ಲ. ಬೆರಳಿಂದ ತಡವಿ ಇನ್ನೊಮ್ಮೆ ಹುಡುಕಿದ.

"ಎಲೆ ಇದರಡಿಲೇ ಇದೆಯಾ ಭಾವ?"

ಇವರು ತಲೆಯಾಡಿಸಿದರು. ತಮ್ಮನ ಮುಖ ಸಪ್ಪಗಾಯಿತು. ಹಾಗಾದರೆ ನೀವೇ ತೆಗೆಯಿರಿ, ನನ್ನ ಕೈ ಬರುವುದಿಲ್ಲ ಎಂದ.

ಇವರು ತೆಳು ಉಳಿಯನ್ನು ಸಂದಿಗೆ ಇಟ್ಟು ಹಗುರವಾಗಿ ತಟ್ಟಿದರು. ಕದಲಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ತಟ್ಟಿದರು. ಅಂಟು ಅಷ್ಟು ಚೆನ್ನಾಗಿ ಕಚ್ಚಿತ್ತು. ಕಚ್ಚಲೆಂದು ಗೀರು ಹಾಕಿದ್ದವರು ಇವರೇ ತಾನೆ. ಕೊನೆಗೆ ಮುಚ್ಚಳ ಚಟ್ ಎಂದು ಎದ್ದಿತು, ಅದರ ಬೆನ್ನಿಗೆ ಅಂಟಿಕೊಂಡು ಮರದ ಒಂದು ಚಕ್ಕೆಯೂ ಕಿತ್ತು ಬಂತು. ಎಲೆ ಇದ್ದದ್ದು ಆ ಚಕ್ಕೆಯಲ್ಲಿ. ಹಿಡಿಯ ಅಡಿಯಲ್ಲಿ ಉಳಿದದ್ದು ಸೀಳಿದ ನಾರು ಮಾತ್ರ.

ಆಮೇಲೆ ನನ್ನ ತಮ್ಮ ತನ್ನ ಚೀಲದಿಂದ ಹಳೆಯ ಕೊಂಬಿನ ತುಂಡೊಂದನ್ನು ತೆಗೆದ, ಎಂದೋ ಬೇಯಿಸಿ ಒತ್ತಿ ಒಣಗಿಸಿಟ್ಟದ್ದು. ಇವರು ಕಿತ್ತುಹೋದ ಜಾಗವನ್ನು ಕೆರೆದು ಸಮ ಮಾಡಿದರು, ಅವನು ಅಲ್ಲಿ ಕಳೆದುಹೋದ ಮರದಷ್ಟು ದಪ್ಪ ಹೆಚ್ಚಿಟ್ಟು ಹೊಸ ಮುಚ್ಚಳ ಕೊಯ್ದ. ಒಬ್ಬರು ಮಸಿ ಹಿಡಿಸುವುದು, ಇನ್ನೊಬ್ಬರು ಕೆರೆಯುವುದು. ಒಂದೇ ಬೆಂಚಿನಲ್ಲಿ ಭಾವ ಭಾಮೈದ ಇಬ್ಬರೂ ಮಧ್ಯಾಹ್ನ ಕಳೆದರು. ಸ್ಕ್ರೂಗೆ ತೂತು ಕೊರೆಯುವ ಮೊದಲು ನನ್ನ ತಮ್ಮ ಆ ಮರವನ್ನು ಇವರ ಕಡೆ ತಳ್ಳಿ, ಎಲೆ ಇನ್ನೊಂದು ಸಲ ಕೆತ್ತಿ ಭಾವ ಎಂದ.

"ಮುಚ್ಚಿ ಹೋಗೋದಕ್ಕೆ ಯಾತಕ್ಕೆ ಕೆತ್ಲಿ? ಹಾಕು ನಿನ್ನ ಮುಚ್ಚಳ."

ತಮ್ಮ ಏನೋ ಹೇಳಲು ಬಾಯಿ ತೆರೆದ. ಇವರ ಮುಖ ನೋಡಿ ಸ್ಕ್ರೂ ತಿರುಗಿಸಿದ.

ಡಾಕ್ಟರು ಬಂದ ದಿನ ತಮ್ಮನೂ ಅಂಗಡಿಯಲ್ಲೇ ಇದ್ದ. ನಾನೇ ಕರೆದಿದ್ದೆ. ಕೊಂಬು ಏನಾದರೂ ತಕರಾರು ಮಾಡಿದರೆ ಇರಲಿ ಎಂದು ನೆಪ ಹೇಳಿದ್ದೆ, ಇವರು ಬೇಡ ಎನ್ನಲಿಲ್ಲ. ಡಾಕ್ಟರು ಕೈ ಒರೆಸಿಕೊಂಡು ಮರವನ್ನು ಎತ್ತಿಕೊಂಡರು. ಭುಜಕ್ಕೆ ಇಟ್ಟರು, ಕೆನ್ನೆ ಆನಿಸಿದರು, ಕಣ್ಣು ಮುಚ್ಚಿದರು. ಅವರ ಹೆಗಲು ಇಳಿದದ್ದು ನೋಡಿದರೇ ಮರ ಮೈಗೆ ಕೂತಿತೆಂದು ಗೊತ್ತಾಗುತ್ತಿತ್ತು. ಡಾಕ್ಟರು ಕಣ್ಣು ತೆರೆದರು, ಮೂತಿಯ ಟೋಪಿಯನ್ನು ನೋಡಲೇ ಇಲ್ಲ. ಮರವನ್ನು ತಲೆಕೆಳಗೆ ಮಾಡಿ ಮುಚ್ಚಳದ ಮೇಲೆ ಹೆಬ್ಬೆರಳು ಇಟ್ಟರು. ಇವರು ಬಟ್ಟೆ ಎತ್ತಿಕೊಂಡು ಮಡಿಸತೊಡಗಿದರು. ಮತ್ತೆ ಅದೇ ಕೊಂಬು.

ಡಾಕ್ಟರು ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದರು.

ಸಂಘದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂದು ಸ್ಕ್ರೂ ಬಿಚ್ಚುತ್ತಾ ನಗುತ್ತಾ ಹೇಳಿದರು. ಮೊದಲ ಬಂದೂಕು ತಂದಾಗಲೇ ನಿಮ್ಮ ಭಾಮೈದ ಮುಚ್ಚಳ ತೆಗೆದು ಎಲೆ ತೋರಿಸಿದ್ದರು, ಮರ ಯಾರದು ಅಂತ ಇಲ್ಲಿ ನೋಡಿ, ನನ್ನದು ಬರೀ ಮುಚ್ಚಳ ಎಂದಿದ್ದರು. ಅಂದಿನಿಂದ ಪ್ರತಿ ಸಲ ಹೀಗೇ. ಈಗ ಹೊಸ ಬಂದೂಕು ಕಂಡರೆ ಮೊದಲು ಅಡಿ ಬಿಚ್ಚಿ ನೋಡುವುದೇ ಅಭ್ಯಾಸವಾಗಿದೆ. ಎಲೆ ಇದ್ದರೆ ನಿಮ್ಮದು, ಇಲ್ಲದಿದ್ದರೆ ಬೇರೆಯವರದು. ನಿಮಗೆ ಅಲ್ಲಿ ಎಲೆಯವರು ಅಂತಲೇ ಹೆಸರು.

ಮುಚ್ಚಳ ಅವರ ಅಂಗೈಗೆ ಬಿತ್ತು. ಅವರು ಮರವನ್ನು ಬೆಳಕಿಗೆ ಹಿಡಿದರು. ನಗು ನಿಂತಿತು. ಬೆರಳಿನಿಂದ ಒರೆಸಿ ನೋಡಿದರು.

"ಎಲೆ ಇಲ್ವಲ್ಲ. ಇದು ನೀವು ಮಾಡಿದ್ದಲ್ವಾ?"

ನಮ್ಮವರು ಕುಳಿತು ಸವೆಸಿದ ಅಷ್ಟೂ ತಿಂಗಳು ನನ್ನ ಕಣ್ಣ ಮುಂದೆ ಬಂತು. ತುದಿಯಿಂದ ಬುಡದವರೆಗೆ ತಮ್ಮದೇ ಆಗಬೇಕೆಂದು ಹಟ ಹಿಡಿದ ಒಂದೇ ಒಂದು ಬಂದೂಕು, ಅದನ್ನು ಹಿಡಿದು ಈ ಪ್ರಶ್ನೆ. ಇವರು, ಇಷ್ಟು ವರ್ಷ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ಒಮ್ಮೆಲೇ ಮುಖಕ್ಕೆ ಏರಿದ ಹಾಗೆ ಕೆಂಪಾಗಿ ನಿಂತರು.

ನನ್ನ ತಮ್ಮ ಬೆಂಚಿನಿಂದ ಬಾಗುಳಿ ಎತ್ತಿಕೊಂಡು ಬಂದ.

"ಅವರದೇ ಡಾಕ್ಟ್ರೇ. ನಿಮ್ಮ ತಂದೆಯವರ ಬಂದೂಕಲ್ವಾ, ಎಲೆ ನಿಮ್ಮ ಎದುರಿಗೇ ಹಾಕೋಣ ಅಂತ ಭಾವ ಬಿಟ್ಟಿದ್ರು."

ಹೇಳುತ್ತಾ ಉಳಿಯನ್ನು ಇವರ ಕೈಗೆ ಕೊಟ್ಟು ಮರವನ್ನು ಬೆಂಚಿನ ಮೇಲೆ ತಾನೇ ಅಲುಗದಂತೆ ಹಿಡಿದುಕೊಂಡ. ಇವರು ಅವನನ್ನು ನೋಡಿದರು. ಅಷ್ಟು ಹೊತ್ತು ಅವನ ಮುಖ ನೋಡಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಆಮೇಲೆ ಬಾಗಿ, ಎರಡು ಬಾಗು ಏಟು, ನಡುವೆ ಒಂದು ನೇರ ಏಟು. ಊದಿದರು. ಡಾಕ್ಟರು ಪಾಪ, ತಂದೆಯ ನೆನಪಿಗೆ ಕಣ್ಣು ತುಂಬಿಕೊಂಡು ಮರವನ್ನು ಎದೆಗೆ ಒತ್ತಿಕೊಂಡು ಹೋದರು.

ತಮ್ಮ ಅವರನ್ನು ಕಾರಿನವರೆಗೆ ಬಿಡಲು ಹೋದ. ಇವರು ಬೆಂಚಿನ ಮೇಲೆ ಕೂತು ಹಳೆಯ ಮುಚ್ಚಳವನ್ನು ತಿರುವಿ ತಿರುವಿ ನೋಡುತ್ತಿದ್ದರು, ಬೆನ್ನಿಗೆ ಮರದ ಚಕ್ಕೆ ಅಂಟಿಕೊಂಡದ್ದು. ಅವನು ಅಲ್ಲಿ ಬಿಚ್ಚಿ ತೋರಿಸುತ್ತಿದ್ದದ್ದು ನಿನಗೆ ಗೊತ್ತಿತ್ತಾ ಎಂದು ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಊರಿಗೆಲ್ಲ ಹೇಳ್ದ. ನನಗೊಬ್ಬನಿಗೆ ಹೇಳ್ಲಿಲ್ಲ."

"ಹೇಳಿದ್ರೆ ಏನಂತಿದ್ರಿ?"

ಇವರು ಯೋಚಿಸಿದರು. ನನ್ನ ಹೊಗಳಿಕೆಯನ್ನೂ ಅವನೇ ಕೊಡಿಸಬೇಕಾ ಅಂತಿದ್ದೆ ಎಂದು ಒಪ್ಪಿಕೊಂಡರು. ಆಮೇಲೆ, ಸುಳ್ಳು ಹೇಳುವುದರಲ್ಲೂ ಅವನೇ ಒಂದು ಕೈ ಮೇಲು ಎಂದು ಗೊಣಗಿದರು. ಹೊಟ್ಟೆಯುರಿ ಎಲ್ಲೂ ಹೋಗಿಲ್ಲ ಎಂದು ನನಗೆ ಸಮಾಧಾನವಾಯಿತು. ಅದಿಲ್ಲದ ಇವರನ್ನು ನನಗೆ ಗುರುತು ಹಿಡಿಯಲು ಆಗುತ್ತಿರಲಿಲ್ಲ.

ಎದ್ದು ಹೋಗಿ, ತಾವೇ ಬೇಯಿಸಿ ಒತ್ತಿದ್ದರಲ್ಲಿ ಉಳಿದಿದ್ದ ಕೊಂಬಿನ ತುಂಡನ್ನು ತಂದರು. ತಮ್ಮ ಇನ್ನೂ ಬೀದಿಯಲ್ಲಿದ್ದ, ಕರೆದರೆ ಕೇಳಿಸುವಷ್ಟು ಹತ್ತಿರ. ಅವನನ್ನು ಕರೆಯಲಿಲ್ಲ. ತುಂಡನ್ನು ನನ್ನ ಕೈಗೆ ಕೊಟ್ಟರು.

"ಒಣಗಿದೆಯಾ ನೋಡು."

ಕೆನ್ನೆಗೆ ಒತ್ತಿ ಹಿಡಿದೆ. ಇವರು ಕಾದು ನಿಂತಿದ್ದರು, ಹಿಂದೆ ಅಪ್ಪನ ಎದುರು ನನ್ನ ತಮ್ಮ ನಿಲ್ಲುತ್ತಿದ್ದ ಹಾಗೆ. ಇನ್ನೂ ಇಲ್ಲ ಎಂದೆ. ಇವರು ಅದನ್ನು ತೆಗೆದುಕೊಂಡು ಹೋಗಿ, ಮೆಟ್ಟಿಲ ಕೆಳಗೆ ಹಲಗೆಗಳ ಪಕ್ಕದಲ್ಲಿ ಇಟ್ಟು, ಸೀಮೆಸುಣ್ಣದಲ್ಲಿ ಅದರ ಮೇಲೂ ತಾರೀಕು ಬರೆದರು.